ಬೇರೆಯಾಗಿದ್ದೇವೆಂದು ಹೇಳುವವರು ಬೇಕಾಗಿದ್ದ ಚಳಿಗಾಲ

ಕಳೆದ ವಾರ ಆಫೀಸಿನ ಟ್ರೈನಿಂಗ್ ಎಂದು ವೆಸ್ಟ್‌ಮೀಡಿಗೆ ಹೋಗಬೇಕಾಯಿತು. ಸಿಡ್ನಿಯದೇ ಇನ್ನೊಂದು ಬಡಾವಣೆಯಾದ ಲಿವರ್‌ಪೂಲಿಗೆ ಮನೆ ಬದಲಾಯಿಸಿದ ಮೇಲೆ ಆ ಸ್ಟೇಷನ್ನಿನಲ್ಲಿ ನಾನು ಇಳಿದೇ ಇರಲಿಲ್ಲ. ಇಳಿಯುವ ಪ್ರಸಂಗ ಬಾರದಂತೆ ನೋಡಿಕೊಂಡಿದ್ದೆ ಎಂದರೂ ತಪ್ಪಿಲ್ಲ. ರಸ್ತೆಗೆ ಬಂದು ನಿಲ್ಲುವಷ್ಟರಲ್ಲಿ ಮೂಲೆಯ ಕಾಫಿ ಅಂಗಡಿಯಿಂದ ಟೋಸ್ಟ್ ಸೀದ ವಾಸನೆ ಬಂತು. ನನ್ನ ಮಗಳು ಇಂಚರ ಹೋಗುತ್ತಿದ್ದ ಚೈಲ್ಡ್‌ಕೇರಿನಲ್ಲಿ ಬೇಗ ಬರುವ ಮಕ್ಕಳಿಗೆ ಬೆಳಿಗ್ಗೆ ಟೋಸ್ಟ್ ಕೊಡುತ್ತಿದ್ದರು. ಒಂದು ಚಳಿಗಾಲವಿಡೀ ನಾನು ಆ ವಾಸನೆಯ ಬಾಗಿಲಲ್ಲಿ ಮಗಳನ್ನು ಬಿಟ್ಟು ಆಸ್ಪತ್ರೆಯ ಕೆಲಸಕ್ಕೆ ಓಡುತ್ತಿದ್ದೆ. ಹಾದಿ ಬದಿಯ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೆ. ಟ್ರೈನಿಂಗಿಗೆ ತಡವಾಯಿತು.

ಆ ವರ್ಷ ಏಪ್ರಿಲ್‌ನಲ್ಲಿ, ಇಂಚರಳಿಗೆ ಮೂರು ತುಂಬಿದ ಕೆಲವೇ ದಿನಕ್ಕೆ, ನನ್ನ ಗಂಡ ಪ್ರಸನ್ನ ಮನೆ ಬಿಟ್ಟು ಹೋದ. ಕೂಗಾಟ, ಕಿತ್ತಾಟ ಏನೂ ಇರಲಿಲ್ಲ. ಭಾನುವಾರ ಇಡ್ಲಿ ತಿನ್ನುತ್ತ ತಲೆ ಎತ್ತದೆ ಹೇಳಿದ, ನನಗೆ ಇದು ಆಗ್ತಾ ಇಲ್ಲ ಸವಿತಾ, ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿದೆ, ಒಬ್ಬನೇ ಹೋಗ್ತೀನಿ ಅಂತ. ಚಟ್ನಿ ಬೇಕಾ ಎಂದು ಕೇಳಲು ಹೊರಟಿದ್ದವಳು ಸೌಟು ಹಿಡಿದುಕೊಂಡು ಹಾಗೇ ನಿಂತೆ. ಹೋಗುವಾಗ ಒಂದೇ ಒಂದು ಕೇಳಿಕೊಂಡ. ಡಿಸೆಂಬರಿನಲ್ಲಿ ಅವನ ತಂಗಿಯ ಮದುವೆ. ಅಲ್ಲಿಯವರೆಗೆ ಯಾರಿಗೂ ತಿಳಿಯಬಾರದು. ನಾನು ಒಪ್ಪಿಕೊಂಡೆ. ಅವನ ತಂಗಿಯ ಮೇಲಿನ ಪ್ರೀತಿಗಲ್ಲ, ನನಗೇ ನಾಚಿಕೆಯಾಗಿತ್ತು. ತುಮಕೂರಿನಲ್ಲಿರುವ ನನ್ನಮ್ಮನಿಗೆ ಯಾವ ಬಾಯಲ್ಲಿ ಹೇಳುವುದು ಎಂದೂ ಗೊತ್ತಿರಲಿಲ್ಲ.

ನಮ್ಮವರ ನಡುವೆ ಇದನ್ನು ಮುಚ್ಚಿಡುವುದು ಬಹಳ ಸುಲಭ. ಪ್ರಸನ್ನ ಪ್ರಾಜೆಕ್ಟ್ ಮೇಲೆ ಮೆಲ್ಬರ್ನ್‌ನಲ್ಲಿದ್ದಾರೆ ಎಂದರೆ ಮುಗಿಯಿತು. ಸಿಡ್ನಿಯ ಕನ್ನಡ ಮನೆಗಳಲ್ಲಿ ಒಬ್ಬರಲ್ಲ ಒಬ್ಬರ ಗಂಡ ಯಾವುದಾದರೂ ಪ್ರಾಜೆಕ್ಟ್ ಮೇಲೆ ಎಲ್ಲೋ ಇದ್ದೇ ಇರುತ್ತಾರೆ. ನಾನು ಕರಿಮಣಿ ತೆಗೆಯಲಿಲ್ಲ, ವಾಟ್ಸ್‌ಆ್ಯಪಿನಲ್ಲಿದ್ದ ಮೂವರ ಫೋಟೋ ಬದಲಿಸಲಿಲ್ಲ, ಕನ್ನಡ ಸಂಘದ ಯುಗಾದಿ ಊಟಕ್ಕೆ ಹೋಗಿ ಅವರು ಒಬ್ಬಟ್ಟು ಮಿಸ್ ಮಾಡಿಕೊಂಡರು ಎಂದು ನಕ್ಕುಬಂದೆ. ಮನೆಗೆ ಬಂದು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮೊದಲೆರಡು ತಿಂಗಳು ಅವನು ರೆಂಟಿನ ಅರ್ಧ ಕಳಿಸಿದ. ಆಮೇಲೆ ನನಗೂ ಇಲ್ಲಿ ಖರ್ಚಿದೆ ಎಂದ. ನನ್ನದು ಆಸ್ಪತ್ರೆಯೊಂದರ ರಿಸೆಪ್ಷನ್ನಿನಲ್ಲಿ ಕ್ಯಾಶುವಲ್ ಕೆಲಸ, ಬೆಳಿಗ್ಗೆ ಮೆಸೇಜ್ ಬಂದರೆ ಶಿಫ್ಟ್ ಉಂಟು, ಬರದಿದ್ದರೆ ಇಲ್ಲ. ಇಂಚರಳಿಗೆ ವಾರಕ್ಕೆ ಮೂರು ದಿನ ಚೈಲ್ಡ್‌ಕೇರಿನಲ್ಲಿ ಜಾಗವಿತ್ತು. ಆ ಜಾಗ ಇದ್ದರೆ ಕೆಲಸ, ಕೆಲಸ ಇದ್ದರೆ ಮನೆ. ಇಷ್ಟೇ ನನ್ನ ಬದುಕಿನ ಕಟ್ಟಡ, ಅದರ ಅಡಿಗಲ್ಲು ಆ ಮೂರು ದಿನ.

ಚೈಲ್ಡ್‌ಕೇರಿನ ಫೀಸಿನಲ್ಲಿ ಒಂದು ಪಾಲನ್ನು ಇಲ್ಲಿ ಸರ್ಕಾರ ಕಟ್ಟುತ್ತದೆ. ಎಷ್ಟು ಪಾಲು ಎನ್ನುವುದು ಮನೆಯ ಆದಾಯದ ಮೇಲೆ. ಗಂಡ ಹೆಂಡತಿ ಎಂದಾದರೆ ಇಬ್ಬರ ಸಂಬಳವನ್ನೂ ಕೂಡಿಸುತ್ತಾರೆ. ಪ್ರಸನ್ನನದು ಐಟಿ ಸಂಬಳ. ಅದು ಬೀಳುತ್ತಿದ್ದದ್ದು ಮೆಲ್ಬರ್ನ್‌ನಲ್ಲಿ ಅವನ ಖಾತೆಗೆ. ಸರ್ಕಾರದ ಕಂಪ್ಯೂಟರಿನಲ್ಲಿ ಮಾತ್ರ ನನ್ನ ಮನೆಗೇ ಬರುತ್ತಿತ್ತು. ಹಾಗಾಗಿ ಕಾಗದದ ಮೇಲೆ ನಾನು ಅನುಕೂಲಸ್ಥೆ, ನನಗೆ ಸಿಗುತ್ತಿದ್ದ ಪಾಲು ಕಡಿಮೆ. ಜುಲೈನಲ್ಲಿ ಹೊಸ ಹಣಕಾಸು ವರ್ಷ ಶುರುವಾಗಿ ಅವನ ಹೊಸ ಸಂಬಳವೂ ಸೇರಿಕೊಂಡ ಮೇಲೆ ಅದು ಇನ್ನೂ ಇಳಿಯಿತು. ಇನ್ನೊಂದು ದಿನ ಹೆಚ್ಚಿಗೆ ಕೆಲಸ ಮಾಡಲೇ ಎಂದರೆ ಆ ದಿನದ ದುಡಿಮೆಯನ್ನೆಲ್ಲ ಆ ದಿನದ ಚೈಲ್ಡ್‌ಕೇರೇ ನುಂಗುತ್ತಿತ್ತು. ಕಡಿಮೆ ಮಾಡಲೇ ಎಂದರೆ, ಆಗಿನ ನಿಯಮದಲ್ಲಿ, ಸಬ್ಸಿಡಿ ಸಿಗುವ ಗಂಟೆಗಳೇ ಕಡಿಮೆಯಾಗುತ್ತಿದ್ದವು. ಕಳೆದ ತಿಂಗಳ ಫೀಸು ಬಾಕಿ ಉಳಿಯಿತು, ಅದರ ಮೇಲೆ ಈ ತಿಂಗಳದ್ದು. ಸೆಂಟರಿನ ಮುಖ್ಯಸ್ಥೆ ಕೆಟ್ಟವಳಲ್ಲ. ಆಗಸ್ಟ್ ಕೊನೆಯವರೆಗೆ ಜಾಗ ಹಿಡಿದಿಡುತ್ತೇನೆ, ಆಮೇಲೆ ನನ್ನ ಕೈಯಲ್ಲಿಲ್ಲ, ಕಾಯುತ್ತಿರುವವರು ಬಹಳ ಜನ ಎಂದಳು.

ಬೇರೆಯಾದವರಿಗೆ ದಾರಿಯಿದೆ ಎಂದು ಆಸ್ಪತ್ರೆಯಲ್ಲಿ ಒಬ್ಬ ನರ್ಸ್ ಹೇಳಿದ್ದಳು. ಒಂಟಿ ತಾಯಿ ಎಂದು ಸರ್ಕಾರ ಒಪ್ಪಿದರೆ ನನ್ನೊಬ್ಬಳ ಸಂಬಳವನ್ನಷ್ಟೇ ನೋಡುತ್ತಾರೆ, ಚೈಲ್ಡ್‌ಕೇರಿನ ಬಹುಪಾಲು ಅವರೇ ಕಟ್ಟುತ್ತಾರೆ, ಮೇಲೆ ಒಂದು ಭತ್ಯೆಯೂ ಬರುತ್ತದೆ. ಪಿಆರ್, ಅಂದರೆ ಇಲ್ಲಿ ಕಾಯಂ ನೆಲೆಸುವ ಪರವಾನಗಿ, ಬಂದು ಭತ್ಯೆಗೆ ಕಾಯಬೇಕಾದ ವರ್ಷಗಳೂ ಕಳೆದಿದ್ದವು. ಅರ್ಜಿ ಹಾಕಿ, ಕರೆದ ದಿನ ಭತ್ಯೆಯ ಕಚೇರಿಗೆ ಹೋದೆ. ಇಲ್ಲಿ ಜುಲೈ ಎಂದರೆ ನಡುಚಳಿಗಾಲ, ಹೊರಗೆ ಮೂಳೆ ಕೊರೆಯುವ ಗಾಳಿ, ಒಳಗೆ ಹೀಟರ್. ಹೆಚ್ಚುಕಮ್ಮಿ ನನ್ನ ವಯಸ್ಸಿನ ಅಧಿಕಾರಿಣಿ ಒಂದೊಂದೇ ಕೇಳಿದಳು. ಬ್ಯಾಂಕ್ ಖಾತೆ ಜಂಟಿಯೇ? ಹೌದು, ಇನ್ನೂ ಮುಚ್ಚಿಲ್ಲ. ಮನೆಯ ಲೀಸ್ ಯಾರ ಹೆಸರಿನಲ್ಲಿ? ಇಬ್ಬರ ಹೆಸರಿನಲ್ಲಿ. ಅವನು ಬಂದು ಹೋಗುತ್ತಾನೆಯೇ? ಮಗಳನ್ನು ನೋಡಲು ಒಮ್ಮೆ ಬಂದಿದ್ದ. ಕೊನೆಗೆ ಕೇಳಿದಳು.

“ನೀವು ಬೇರೆಯಾಗಿದ್ದೀರಿ ಅಂತ ಯಾರಿಗೆ ಗೊತ್ತು?”

ಯಾರಿಗೂ ಗೊತ್ತಿಲ್ಲ ಎಂದೆ. ಅವಳು ಟೈಪ್ ಮಾಡುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಗೆಳೆಯರು, ಬಂಧುಗಳು, ಪಕ್ಕದ ಮನೆಯವರು, ಯಾರಾದರೂ? ಯಾರೂ ಇಲ್ಲ. ಜನ ನಿಮ್ಮನ್ನು ಗಂಡ ಹೆಂಡತಿ ಎಂದೇ ತಿಳಿದಿದ್ದಾರೆಯೇ ಎಂದಳು. ಹೌದು ಎನ್ನುವಾಗ ನನ್ನ ಕೈ ತಾನಾಗಿಯೇ ಕರಿಮಣಿಯನ್ನು ಸ್ವೆಟರಿನೊಳಗೆ ತಳ್ಳುತ್ತಿತ್ತು. ಮೂರು ತಿಂಗಳು ಯಾರಿಗೂ ಸಂಶಯ ಬಾರದ ಹಾಗೆ ಸಂಸಾರ ನಡೆಸಿದ್ದೆ. ಎಷ್ಟು ಚೆನ್ನಾಗಿ ನಡೆಸಿದ್ದೆನೆಂದರೆ ಸರ್ಕಾರವೂ ನಂಬಿಬಿಟ್ಟಿತ್ತು. ಅವಳು ಮೆತ್ತಗೆ ವಿವರಿಸಿದಳು: ಗಂಡನಾದವನು ಒಪ್ಪಿ ಹೇಳಿದರೆ ಒಳ್ಳೆಯದು, ಇಲ್ಲವಾದರೆ ನಿಮ್ಮನ್ನು ಬಲ್ಲವರು ಯಾರಾದರೂ ಬರೆದು ಸಹಿ ಹಾಕಿಕೊಡಬೇಕು, ಅಲ್ಲಿಯವರೆಗೆ ನೀವು ದಂಪತಿಯೇ.

ನನ್ನನ್ನು ಬಲ್ಲವರೆಂದರೆ ವಸಂತಾ ಆಂಟಿ. ಎಪ್ಪಿಂಗ್‌ನಲ್ಲಿ ಇಪ್ಪತ್ತು ವರ್ಷದಿಂದ ಇರುವ ಮೈಸೂರಿನವರು, ನಮ್ಮೆಲ್ಲರಿಗೂ ಇಲ್ಲಿನ ಅಮ್ಮ. ನನ್ನ ಸೀಮಂತ ಮಾಡಿದವರು ಅವರು, ಬಾಣಂತನದ ಮೆಣಸಿನ ಸಾರು ಹೊತ್ತು ತಂದವರು ಅವರು. ಕಾಗದ ಹಿಡಿದು ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅವರೂ ಅತ್ತರು. ಕಾಗದವನ್ನು ಮಾತ್ರ ಕೈಯಿಂದ ಮುಟ್ಟಲಿಲ್ಲ.

“ದುಡ್ಡು ಬೇಕಾದ್ರೆ ತಗೋ, ವಾಪಸ್ ಕೊಡೋದೂ ಬೇಡ. ಸಂಸಾರ ಮುರಿದಿದೆ ಅಂತ ನನ್ನ ಕೈಯಾರೆ ಬರೆದುಕೊಡು ಅನ್ಬೇಡಮ್ಮ. ನಾಳೆ ನೀವಿಬ್ರೂ ಒಂದಾದ್ರೆ ಆ ಸಹಿ ನನ್ನ ಸುಮ್ನೆ ಬಿಡತ್ತಾ?”

ನಾನು ವಾದಿಸಿದೆ. ಮುರಿದಿರುವುದು ನೀವು ಬರೆದಿದ್ದರಿಂದ ಅಲ್ಲವಲ್ಲ ಆಂಟಿ ಎಂದೆ. ಅವರು ಚಕ್ಕುಲಿ ಕಟ್ಟಿಕೊಟ್ಟರು. ಆಮೇಲೆ ಇನ್ನೂ ಇಬ್ಬರನ್ನು ಕೇಳಿದೆ. ಒಬ್ಬಳು ಗಂಡನನ್ನು ಕೇಳಿ ಹೇಳುತ್ತೇನೆ ಎಂದವಳು ಫೋನ್ ಎತ್ತುವುದನ್ನೇ ಬಿಟ್ಟಳು. ಇನ್ನೊಬ್ಬಳು ಸರ್ಕಾರದ ಕಾಗದ ಎಂದರೆ ನಮಗೆ ಭಯ, ನಮ್ಮ ಪಿಆರ್ ಇನ್ನೂ ಬಂದಿಲ್ಲ ಎಂದಳು. ಯಾರ ಮೇಲೂ ಕೋಪ ಬರಲಿಲ್ಲ ಎಂದರೆ ಸುಳ್ಳು. ಎಲ್ಲರ ಮೇಲೂ ಬಂತು.

ಉಳಿದವನು ಪ್ರಸನ್ನ. ಸೋಮವಾರದ ಅಗ್ಗದ ವಿಮಾನ ಹಿಡಿದು ಇಂಚರಳನ್ನು ಕರೆದುಕೊಂಡು ಮೆಲ್ಬರ್ನ್‌ಗೆ ಹೋದೆ. ಊರಿನ ಪಶ್ಚಿಮದ ಹೊಸ ಸಬರ್ಬ್, ಒಂದೇ ಥರದ ಮನೆಗಳು, ಸಿಡ್ನಿಯದಕ್ಕಿಂತ ಒರಟು ಚಳಿ. ಇನ್ನಿಬ್ಬರು ಹುಡುಗರ ಜೊತೆ ರೂಮು ಮಾಡಿಕೊಂಡಿದ್ದ. ಮಗಳಿಗೆಂದು ಉಪ್ಪಿಟ್ಟು ಮಾಡಿದ, ಗೋಡಂಬಿ ಹೆಚ್ಚಿಗೆ ಹಾಕಿದ. ಅವಳು ಅವನ ಕಾಲಿನ ಮೇಲೆ ಕೂತು “ಡ್ಯಾಡಿ, ಆರ್ ಯು ಕಮಿಂಗ್ ಹೋಮ್?” ಎಂದು ಕೇಳುತ್ತಲೇ ಇದ್ದಳು. ಅವಳನ್ನು ಟಿವಿ ಮುಂದೆ ಕೂರಿಸಿ ನಾನು ವಿಷಯ ಹೇಳಿದೆ. ಅವನು ಕೆಟ್ಟ ಮಾತಾಡಲಿಲ್ಲ. ಕೆಟ್ಟ ಮಾತಾಡಿದ್ದರೆ ಜಗಳವಾದರೂ ಆಡಬಹುದಿತ್ತು.

“ಡಿಸೆಂಬರ್‌ವರೆಗೆ ತಡ್ಕೋ ಸವಿ. ಹುಡುಗನ ಕಡೆಯವರಿಗೆ ಗೊತ್ತಾದ್ರೆ ಮದುವೆ ನಿಂತೋಗತ್ತೆ. ಆಮೇಲೆ ಎಲ್ಲಿ ಬೇಕಾದ್ರೂ ಸೈನ್ ಮಾಡ್ತೀನಿ.”

“ಅಲ್ಲಿವರೆಗೆ ಇಂಚರ ಎಲ್ಲಿರ್ಬೇಕು?”

“ನಿಮ್ಮಮ್ಮನ್ನ ಕರೆಸ್ಕೊ.”

ಅಮ್ಮನಿಗೆ ಮಂಡಿ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು, ವಿಮಾನ ಹತ್ತುವಂತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಸಂಜೆ ಏರ್‌ಪೋರ್ಟಿಗೆ ಬಿಡಲು ಬಂದವನು ಮಗಳ ಜಾಕೆಟ್ಟಿನ ಜಿಪ್ ಎಳೆದು ಗಲ್ಲದವರೆಗೆ ಮುಚ್ಚಿದ. ನನಗೆ ಅವನ ಕೈ ಕಚ್ಚಬೇಕೆನಿಸಿತು. ಪ್ರೀತಿಯೇ ಇಲ್ಲದವನಾಗಿದ್ದರೆ ದ್ವೇಷಿಸಿ ಹಗುರಾಗುತ್ತಿದ್ದೆನಲ್ಲ.

ಆಗಸ್ಟ್ ಬಂತು. ಶಿಫ್ಟಿನ ಮೆಸೇಜ್ ಬಂದಾಗ ಚೈಲ್ಡ್‌ಕೇರ್ ಇಲ್ಲದ ದಿನವಾಗಿರುತ್ತಿತ್ತು, ಚೈಲ್ಡ್‌ಕೇರ್ ಇದ್ದ ದಿನ ಮೆಸೇಜ್ ಬರುತ್ತಿರಲಿಲ್ಲ. ಬಂದರೂ ಬಾರದಿದ್ದರೂ ಕಾದಿರಿಸಿದ ದಿನದ ಫೀಸು ಕಟ್ಟಲೇಬೇಕು. ಎರಡು ಸಲ ಶಿಫ್ಟಿಗೆ ಬರಲಾಗದು ಎಂದ ಮೇಲೆ ಮೆಸೇಜುಗಳೇ ವಿರಳವಾದವು. ಇಂಚರಳಿಗೆ ಕೆಮ್ಮು. ಹೀಟರ್ ಹಾಕಲು ಕರೆಂಟಿನ ಬಿಲ್ಲಿನ ಭಯ. ಇಬ್ಬರೂ ಒಂದೇ ರಜಾಯಿಯಲ್ಲಿ ಮುದುಡಿಕೊಂಡು ಮಲಗುತ್ತಿದ್ದೆವು. ಅವಳಿಗೆ ಅದು ಖುಷಿ. ನಾನು ಮಾತ್ರ ಸೂರು ನೋಡುತ್ತ, ಇದು ಹೀಗೇ ನಡೆದರೆ ಹುಚ್ಚು ಹಿಡಿಯುತ್ತದೆ ಎಂದುಕೊಳ್ಳುತ್ತಿದ್ದೆ.

ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ ವಸಂತಾ ಆಂಟಿಯ ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಹೋಗದೇ ಇರಬೇಕು ಎಂದುಕೊಂಡವಳು ಕೊನೇ ಗಳಿಗೆಯಲ್ಲಿ ಸೀರೆ ಉಟ್ಟು ಹೊರಟೆ. ಬಾಗಿಲ ಹೊರಗೆ ಶೂಗಳ ರಾಶಿ, ಒಳಗೆ ಸಂಪಿಗೆಯ ಅಗರಬತ್ತಿ, ರೇಷ್ಮೆ ಸೀರೆಯ ಕೆಳಗೆ ಕಾಲುಚೀಲ ಹಾಕಿಕೊಂಡ ಹೆಂಗಸರು. ಯಾರೋ ದೇವರನಾಮ ಹಾಡುತ್ತಿದ್ದರು. ಮಕ್ಕಳು ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದವು. ನನ್ನ ಪಕ್ಕ ಕೂತವರು ವಾಡಿಕೆಯಂತೆ ಕೇಳಿದರು, ಪ್ರಸನ್ನ ಯಾವಾಗ ಬರ್ತಾರೆ ಅಂತ.

“ಬರಲ್ಲ. ನಾವು ಬೇರೆ ಆಗಿದೀವಿ, ಏಪ್ರಿಲ್‌ನಿಂದ.”

ಅವರು ಕೇಳಿಸಲಿಲ್ಲವೆಂಬಂತೆ ಕೋಸಂಬರಿಯ ಕಡೆ ನೋಡಿದರು. ನಾನು ಎದ್ದು ನಿಂತು, ಹಾಡಿಗಿಂತ ಮೇಲೆ ಕೇಳುವ ಹಾಗೆ, ಪ್ರಸನ್ನ ನನ್ನನ್ನು ಬಿಟ್ಟು ಹೋಗಿದ್ದಾರೆ, ನಾನು ಮಗಳು ಇಬ್ಬರೇ ಇರುವುದು, ಇದು ಎಲ್ಲರಿಗೂ ಗೊತ್ತಿರಲಿ ಎಂದೆ. ಹಾಡು ನಿಂತಿತು. ಮಕ್ಕಳ ಜಗಳ ಮಾತ್ರ ಕೇಳುತ್ತಿತ್ತು. ವಸಂತಾ ಆಂಟಿ ತಟ್ಟೆ ಹಿಡಿದು ಬಂದು, ಬೇರೆಯವರಿಗಿಂತ ದೊಡ್ಡದಾಗಿ ನನ್ನ ಹಣೆಗೆ ಕುಂಕುಮ ಇಟ್ಟರು. “ಹಬ್ಬದ ದಿನ ಹಾಗೆಲ್ಲ ಅನ್ಬಾರ್ದಮ್ಮ, ತಾಯಿ ಎಲ್ಲ ಸರಿ ಮಾಡ್ತಾಳೆ” ಎಂದು ಮಡಿಲಿಗೆ ತೆಂಗಿನಕಾಯಿ, ಕಣ ತುಂಬಿದರು. ಅಷ್ಟು ಜನರ ಮುಂದೆ ನನ್ನ ಮಾನವನ್ನು ನಾನೇ ಬಿಚ್ಚಿ ಇಟ್ಟಿದ್ದೆ, ಅವರು ಅದನ್ನು ಮತ್ತೆ ಮಡಿಸಿ ಒಳಗಿಟ್ಟುಬಿಟ್ಟರು.

ಹೊರಗೆ ಶೂ ಹುಡುಕುತ್ತಿದ್ದಾಗ ಮೇಘಾ ಎನ್ನುವ ಹುಡುಗಿ ಹಿಂದೆ ಬಂದಳು. ಹುಬ್ಬಳ್ಳಿಯವಳು, ಓದಲು ಬಂದು ಇಲ್ಲೇ ಉಳಿದವಳು, ಎರಡು ಮೂರು ಸಲ ನಮ್ಮ ಮನೆಯಲ್ಲಿ ಇಂಚರಳನ್ನು ಆಡಿಸಿದ್ದಳು. ಏನು ಯಾಕೆ ಎಂದು ಒಂದು ಮಾತೂ ಕೇಳಲಿಲ್ಲ.

“ಅಕ್ಕಾ, ಎಲ್ಲಿ ಸಹಿ ಮಾಡ್ಬೇಕು ಹೇಳ್ರಿ. ನಿಮ್ಮ ಮನ್ಯಾಗ ಅವ್ರ ಬಟ್ಟಿ ಇಲ್ಲದ್ದು ನಾ ನೋಡೀನಿ.”

ಮರುದಿನ ಅವಳು ಬರೆದುಕೊಟ್ಟದ್ದನ್ನು ಕಳಿಸಿದೆ. ಕಚೇರಿಯವರು ತಲುಪಿದೆ ಎಂದರು, ತೀರ್ಮಾನಕ್ಕೆ ಕೆಲವು ವಾರ ಬೇಕು ಎಂದರು. ಆದರೆ ಆಗಸ್ಟ್ ಕೆಲವು ವಾರ ಕಾಯುವಂತಿರಲಿಲ್ಲ. ಕೊನೆಯ ಶುಕ್ರವಾರ ಸೆಂಟರಿನವರು ಇಂಚರಳ ಪೇಂಟಿಂಗುಗಳನ್ನು, ಬದಲಿ ಬಟ್ಟೆಯನ್ನು, ಅವಳ ಹೆಸರು ಬರೆದ ಟೋಪಿಯನ್ನು ಒಂದು ಚೀಲದಲ್ಲಿ ಹಾಕಿ ಕೊಟ್ಟರು. ಅವಳು ಚೀಲವನ್ನು ಎದೆಗವುಚಿಕೊಂಡು ಎಲ್ಲರಿಗೂ ಬೈ ಹೇಳಿದಳು. ಸೋಮವಾರ ಮತ್ತೆ ಬರುತ್ತೇನೆ ಎಂದೇ ತಿಳಿದಿದ್ದಳು.

ಅಷ್ಟರಲ್ಲಿ ಹಬ್ಬದ ಮನೆಯ ಸುದ್ದಿ ತುಮಕೂರು ತಲುಪಿತ್ತು. ಅಮ್ಮ ಫೋನಿನಲ್ಲಿ ಬೈಯಲಿಲ್ಲ, ಅಳಲಿಲ್ಲ. ಮಗೂನ ನಮ್ಮ ಹತ್ರ ಕಳಿಸು, ಅತ್ತಿಗೆ ಇದ್ದಾಳೆ, ಅಣ್ಣನ ಮಕ್ಕಳಿದ್ದಾರೆ, ನೀನು ಮೊದಲು ನಿನ್ನ ಕಾಲ ಮೇಲೆ ನಿಂತ್ಕೋ ಎಂದಳು. ಸೆಪ್ಟೆಂಬರಿನಲ್ಲಿ ವಸಂತಾ ಆಂಟಿ ಊರಿಗೆ ಹೊರಟಿದ್ದರು, ಜೊತೆಗೆ ಕರೆದೊಯ್ಯುತ್ತೇನೆ ಎಂದರು. ಸಹಿ ಹಾಕಲಾರದ ಕೈ ಮಗುವನ್ನು ಎತ್ತಿಕೊಳ್ಳಲು ತಾನಾಗಿ ಮುಂದೆ ಬಂತು. ಅವರ ಪ್ರೀತಿಯ ಬಗ್ಗೆ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ತಂದೆಯ ಒಪ್ಪಿಗೆ ಬೇಕಿತ್ತು. ಪ್ರಸನ್ನ ಅದಕ್ಕೆ ಕೂಡಲೇ ಸಹಿ ಹಾಕಿ ಕಳಿಸಿದ.

ಬೇಡ ಎನ್ನಬಹುದಿತ್ತಲ್ಲ ಎಂದು ಈಗ ಕೇಳುವವರಿದ್ದಾರೆ. ಬ್ಯಾಂಕಿನಲ್ಲಿ ಏನೂ ಇರಲಿಲ್ಲ, ರೆಂಟು ಎರಡು ವಾರ ಹಿಂದಿತ್ತು, ಮಗಳನ್ನು ಕಟ್ಟಿಕೊಂಡು ಕೆಲಸಕ್ಕೆ ಹೋಗುವಂತಿರಲಿಲ್ಲ. ಏರ್‌ಪೋರ್ಟಿನಲ್ಲಿ ಇಂಚರ ಆಂಟಿಯ ಕೈ ಹಿಡಿದುಕೊಂಡು, ಗಾಜಿನ ಬಾಗಿಲಿನಾಚೆ ಹೋಗುವಾಗ ತಿರುಗಿ ನೋಡಿದಳು. ನಾನು ಕೈ ಬೀಸಿದೆ. ಬಾಗಿಲು ಮುಚ್ಚಿದ ಮೇಲೂ ಬೀಸುತ್ತಲೇ ಇದ್ದೆನಂತೆ, ಮೇಘಾ ನನ್ನ ಕೈ ಹಿಡಿದು ಕೆಳಗಿಳಿಸಿದಳು. ಆ ದಿನ ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ.

ಕಚೇರಿಯ ಕರೆ ಬಂದದ್ದು ನವೆಂಬರಿನಲ್ಲಿ. ಚಳಿ ಹೋಗಿತ್ತು, ರಸ್ತೆಬದಿಯ ಜಕರಂಡಾಗಳೆಲ್ಲ ನೇರಳೆಯಾಗಿದ್ದವು. ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ನಿಂತು ಫೋನ್ ಎತ್ತಿದೆ. ಗಂಡಸಿನ ದನಿ, ಒಳ್ಳೆಯ ಮನುಷ್ಯನ ದನಿ. ನಿಮ್ಮ ಅರ್ಜಿ ಪರಿಶೀಲಿಸಿದ್ದೇವೆ, ಏಪ್ರಿಲ್‌ನಿಂದ ನೀವು ಒಂಟಿ ತಾಯಿ ಎಂದು ಒಪ್ಪಿದ್ದೇವೆ ಎಂದ. ಕಾಯುತ್ತಿದ್ದದ್ದು ಈ ಮಾತಿಗೇ. ಹಣ ಬಿಡುಗಡೆ ಮಾಡುವ ಮೊದಲು ಒಂದೆರಡು ವಿವರ ಖಚಿತಪಡಿಸಿಕೊಳ್ಳಬೇಕು ಎಂದು ವಿಳಾಸ ಕೇಳಿದ, ಸಂಬಳ ಕೇಳಿದ. ಆಮೇಲೆ ಕೇಳಿದ.

“ಮಗು ಈಗ ನಿಮ್ಮ ಜೊತೆಯಲ್ಲೇ ಇದ್ದಾಳಲ್ಲ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಹೌದು ಎಂದರೆ ಭತ್ಯೆ ಬರುತ್ತಿತ್ತು, ಅದರಿಂದ ಟಿಕೆಟ್ ತೆಗೆದು ಅವಳನ್ನು ಕರೆತರಬಹುದಿತ್ತು, ಆಗ ಆ ಸುಳ್ಳು ನಿಜವೂ ಆಗುತ್ತಿತ್ತು. ಇದ್ದಾಳೆ ಎನ್ನಲು ಬಾಯಿ ತೆರೆದೆ. ಆದರೆ ಏಪ್ರಿಲ್‌ನಿಂದ ಇಲ್ಲದವರನ್ನು ಇದ್ದಾರೆಂದು ಹೇಳಿ ಹೇಳಿ ನನ್ನ ನಾಲಿಗೆ ಸೋತುಹೋಗಿತ್ತು. ಸಿಕ್ಕಿಬಿದ್ದರೆ ಎನ್ನುವ ಭಯವೂ ಇತ್ತು. ಇಲ್ಲ, ಅಜ್ಜಿಯ ಮನೆಯಲ್ಲಿದ್ದಾಳೆ, ಇಂಡಿಯಾದಲ್ಲಿ ಎಂದೆ.

ಹಾಗಿದ್ದರೆ ಅವಳು ಇಲ್ಲಿದ್ದ ದಿನಗಳ ಮಟ್ಟಿಗೆ ಸ್ವಲ್ಪ ಹಣ ಬರುತ್ತದೆ ಎಂದ. (ಅದು ಬಂದಾಗ ಸೆಂಟರಿನ ಹಳೇ ಬಾಕಿಗೆ ಹೋಯಿತು.) ಮಗು ನಿಮ್ಮ ಆರೈಕೆಯಲ್ಲಿ ಇಲ್ಲದಾಗ ಮುಂದುವರಿಸಲು ಬರುವುದಿಲ್ಲ, ಕರೆಸಿಕೊಂಡ ಮೇಲೆ ಮತ್ತೆ ಅರ್ಜಿ ಹಾಕಿ ಎಂದ. ಸೆಂಟರಿಗೆ ಫೋನ್ ಮಾಡಿದೆ. ಜಾಗ ಖಾಲಿಯಿಲ್ಲ, ಹೊಸ ವರ್ಷದಲ್ಲಿ ನೋಡೋಣ ಎಂದರು. ಜಾಗವಿಲ್ಲದೆ ಕರೆಸಿಕೊಂಡರೆ ಕೆಲಸ ಹೋಗುತ್ತದೆ, ಕೆಲಸ ಬಿಟ್ಟು ಭತ್ಯೆಯೊಂದನ್ನೇ ನೆಚ್ಚಿದರೆ ರೆಂಟಿಗೆ ಸಾಲದು, ಕರೆಸಿಕೊಳ್ಳದಿದ್ದರೆ ಭತ್ಯೆಯೂ ಇಲ್ಲ. ಹೊಸ ವರ್ಷವೂ ಹಾಗೇ ಹೋಯಿತು. ಕೊನೆಗೆ ಇಂಚರ ಮರಳಿದ್ದು ಶಾಲೆಗೆ ಸೇರುವ ವಯಸ್ಸಾದ ಮೇಲೆ, ಸರ್ಕಾರಿ ಶಾಲೆಗೆ ಫೀಸಿಲ್ಲವಲ್ಲ.

ಆದರೆ ಆ ನವೆಂಬರಿನ ದಿನ ನನಗೆ ಅದೆಲ್ಲ ಗೊತ್ತಿರಲಿಲ್ಲ. ಶಿಫ್ಟ್ ಮುಗಿಸಿ ತುಮಕೂರಿಗೆ ವಿಡಿಯೋ ಕಾಲ್ ಮಾಡಿದೆ. ಅತ್ತಿಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದ ನನ್ನ ಮಗಳು ಎರಡೇ ತಿಂಗಳಲ್ಲಿ ಅಚ್ಚ ತುಮಕೂರಿನವಳಾಗಿದ್ದಳು. ಕಳಿಸುವಾಗ ಅವಳಿಗೆ ನಾನು ಬೇರೇನೂ ಹೇಳಿರಲಿಲ್ಲ. ಸ್ಕೂಲಿನಲ್ಲಿ ಜಾಗ ಇಲ್ಲ, ಸಿಕ್ಕ ಕೂಡಲೇ ಕರೆಸಿಕೊಳ್ಳುತ್ತೇನೆ ಎಂದಷ್ಟೇ ಹೇಳಿದ್ದೆ.

“ಅಮ್ಮಾ, ಜಾಗ ಸಿಕ್ತಾ?”

ಇನ್ನೂ ಇಲ್ಲ ಪುಟ್ಟ ಎಂದೆ.

ಅವಳು ಅಳಲಿಲ್ಲ, ಹಟ ಮಾಡಲಿಲ್ಲ. ಹಿಂದಿನಿಂದ ಅಣ್ಣನ ಮಕ್ಕಳು ಆಟಕ್ಕೆ ಕೂಗುತ್ತಿದ್ದರು. “ಸರಿ ಬಿಡು, ನಾಳೆ ಇನ್ನೊಂದ್ಸಲ ಕೇಳು” ಎಂದು ನನಗೇ ಸಮಾಧಾನ ಹೇಳಿ, ಫೋನನ್ನು ಅಜ್ಜಿಯ ಕೈಗೆ ಕೊಟ್ಟು ಓಡಿಹೋದಳು.